ಮಣ್ಣೂರಿನಲ್ಲಿ ನನ್ನ ಪಾಲಿನ ಗೋಡೆ

ಮಣ್ಣೂರಿಗೆ ಬಂದ ಮರುದಿನ ಕೊಡ ಹಿಡಿದು ಬಾವಿಗೆ ಹೋದೆ. ಹಗ್ಗ ಇಳಿಸುವ ಮೊದಲೇ ಒಬ್ಬ ಹೆಂಗಸು ಅಡ್ಡ ಬಂದು, ಕೇರಿಯವರು ಹೊಳೆಯಿಂದ ನೀರು ತರಬೇಕೆಂದಳು. ಬೈಗುಳವಿಲ್ಲ, ಸಿಟ್ಟೂ ಇಲ್ಲ. ದಾರಿ ತೋರಿಸುವವರ ಹಾಗೆ ಹೇಳಿದಳು. ನಾನು ಹುಟ್ಟಿ ಬೆಳೆದ ಮಂಗಳೂರಿನಲ್ಲಿ ನಮಗೆ ಅಂಗಳದಲ್ಲೇ ಬಾವಿ, ಅಲ್ಲಿಯವರಾದ ನಿಮಗೆ ಗೊತ್ತಿರುವುದೇ. ಇಲ್ಲಿ ಭೀಮಾ ನದಿಗೆ ಇಳಿದು, ಮರಳಿನಲ್ಲಿ ಗುಂಡಿ ತೋಡಿ ನೀರು ತುಂಬಿಕೊಳ್ಳುವುದನ್ನು ಕಲಿತೆ.

ನನ್ನ ಗಂಡ ಸಾಮುವೇಲರು ಕೇರಿಯ ಕ್ರೈಸ್ತ ಕುಟುಂಬಗಳಿಗೆ ಉಪದೇಶಿಯಾಗಿ ಬಂದಿದ್ದರು. ನಾನು ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದೆ. ಇದು ನಿಜಾಮರ ಸೀಮೆ, ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲಿ. ಕೋಣೆಗೆ ಖೋಲಿ ಎನ್ನುತ್ತಾರೆ. ನಮ್ಮ ಮನೆಯೆಂದರೆ ಒಂದೇ ಖೋಲಿ, ಮೇಲೆ ಹೆಂಚಿಲ್ಲ, ಮಣ್ಣಿನ ಮಾಳಿಗೆ. ಕುಚ್ಚಲಕ್ಕಿ ಉಂಡು ಬೆಳೆದ ನನಗೆ ಜೋಳದ ರೊಟ್ಟಿ ಬಡಿಯಲು ಪಕ್ಕದ ಮನೆಯ ಭೀಮವ್ವ ಕಲಿಸಿದಳು. ನನ್ನ ರೊಟ್ಟಿ ಮೊದಲ ಸಲ ಹರಿಯದೆ ಬೆಂದ ದಿನ, ಆಕೆ ಅದನ್ನು ಕೇರಿಯ ಮನೆಮನೆಗೆ ತೋರಿಸಿ ಬಂದಳು.

ಎರಡನೆಯ ಮಳೆಗಾಲದಲ್ಲಿ ಹೊಳೆ ಉಕ್ಕಿ ಪ್ರಾರ್ಥನಾ ಮಂದಿರದ ಮಣ್ಣಿನ ಗೋಡೆಗಳು ಕುಸಿದವು. ಹಿರಿಯ ಪಾದ್ರಿಗಳು ಬಂದು ನೋಡಿ, ಬೇಸಿಗೆ ಮುಗಿಯುವುದರೊಳಗೆ ಅದು ಎದ್ದು ನಿಲ್ಲದಿದ್ದರೆ ನಮ್ಮನ್ನು ಜೇವರ್ಗಿಗೆ ಕಳಿಸುವುದಾಗಿ ಹೇಳಿದರು. ಒಳಗೊಳಗೇ ನನಗೆ ಹಗುರವಾಯಿತು. ಸಾಮುವೇಲರು ದಿನವೂ ಬೆಳಿಗ್ಗೆ ಬಿದ್ದ ಗೋಡೆಯ ಬಳಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದರು. ಪಕ್ಕದಲ್ಲಿ ನಾನು ಕಣ್ಣು ಮುಚ್ಚಿ ಜೇವರ್ಗಿಯಲ್ಲಿ ಎಂಥ ಮನೆ ಸಿಗಬಹುದೆಂದು ಯೋಚಿಸುತ್ತಿದ್ದೆ.

ಒಂದು ಭಾನುವಾರ ಬೇವಿನ ಮರದಡಿ ಅವರು ಬೈಬಲಿನ ನೆಹೆಮೀಯನ ಕಥೆ ಹೇಳಿದರು. ಪರದೇಶದ ಅರಮನೆಯಲ್ಲಿದ್ದ ಅವನು ತನ್ನವರ ಯೆರೂಸಲೇಮಿನ ಗೋಡೆ ಹಾಳುಬಿದ್ದ ಸುದ್ದಿ ಕೇಳಿ ಅತ್ತು, ಉಪವಾಸವಿದ್ದು ಪ್ರಾರ್ಥಿಸಿ, ಆಮೇಲೆ ಅದನ್ನು ಕಟ್ಟಿಸಲು ಹೊರಟುಬಂದ. ನೆರೆಯವರು ಗೇಲಿ ಮಾಡಿದರೂ ಜನ ಕೆಲಸ ಬಿಡಲಿಲ್ಲ. ತಂತಮ್ಮ ಮನೆಯ ಎದುರಿನ ಗೋಡೆಯನ್ನು ತಾವೇ ಕಟ್ಟಿದರು.

ಭೀಮವ್ವ ಎದ್ದು ನಿಂತಳು. "ನಮ್ಮ ಮನಿ ಕಡೀ ಗ್ವಾಡಿ ನಾವು ಕಟ್ಟತೇವ್ರಿ," ಎಂದು ನನ್ನತ್ತ ತಿರುಗಿದಳು. "ನಿಮ್ಮ ಮನಿ ಕಡೀದು ಯಾರು ಕಟ್ಟತಾರ್ರಿ ಅಕ್ಕಾರ? ನೀವು ಹೊಂಟೀರಂತಲ್ಲ."

ಎಲ್ಲರೂ ನನ್ನನ್ನೇ ನೋಡಿದರು. ನಾನೇ ಕಟ್ಟುತ್ತೇನೆ ಎಂದೆ. ಹಾಗೆ ಹೇಳುತ್ತೇನೆಂದು ಅಲ್ಲಿಯವರೆಗೆ ನನಗೂ ಗೊತ್ತಿರಲಿಲ್ಲ.

ಊರ ಗೌಡರು ತಮ್ಮ ಹೊಲದ ಮಣ್ಣು ಮುಟ್ಟಕೂಡದೆಂದರು. ಹೊಳೆದಂಡೆಯಿಂದ ಬುಟ್ಟಿಯಲ್ಲಿ ಹೊತ್ತೆವು. ಹಗಲೆಲ್ಲ ಕೂಲಿ ಮಾಡಿ ಬಂದವರು ಸಂಜೆ ಕೆಸರು ತುಳಿಯುತ್ತಿದ್ದರು. ಎದೆಮಟ್ಟ ಎದ್ದಿದ್ದ ನನ್ನ ಗೋಡೆ ಅಕಾಲದ ಮಳೆಗೆ ಕುಳಿತುಹೋಯಿತು. ಅಂದು ದೇವರೊಂದಿಗೆ ಜಗಳವಾಡಿದೆ. ಮಣ್ಣೂರಿನಲ್ಲಿ ನಾನು ಮನಸ್ಸಿಟ್ಟು ಮಾಡಿದ ಮೊದಲ ಪ್ರಾರ್ಥನೆ ಅದೇ. ಮರುದಿನ ಭೀಮವ್ವನ ಮನೆಯವರು ತಮ್ಮ ಕೆಲಸ ನಿಲ್ಲಿಸಿ ನನ್ನ ಕಡೆಗೆ ಬಂದರು. ಬೇಸಿಗೆ ಮುಗಿಯುವಷ್ಟರಲ್ಲಿ ಮಾಳಿಗೆ ಹಾಕಿದೆವು. ಪಾದ್ರಿಗಳು ಒಳಗೆ ಕೂತು ಸುತ್ತ ನೋಡಿದರು; ಜೇವರ್ಗಿಯ ಮಾತೆತ್ತಲಿಲ್ಲ. ಬಾವಿ ಮಾತ್ರ ಇನ್ನೂ ನಮಗೆ ತೆರೆದಿಲ್ಲ.

ಕಳೆದ ವರ್ಷ ಅಮ್ಮನನ್ನು ನೋಡಲು ಮಂಗಳೂರಿಗೆ ಬಂದಿದ್ದೆ. ಮೀನಿನ ಸಾರು, ಕಡಲಿನ ಸದ್ದು ಎಲ್ಲ ಹಾಗೇ ಇದ್ದವು. ಕೆಲವು ವಾರ ಕಳೆದ ಮೇಲೆ ಟ್ರಂಕು ತುಂಬುತ್ತಾ, ಸುಗ್ಗಿಗೆ ಮೊದಲು ಊರಿಗೆ ಹೋಗಬೇಕಮ್ಮ ಎಂದೆ.

"ಹಾಗಾದ್ರೆ ಇದೆಂತದು ಮಗಾ?" ಎಂದರು ಅಮ್ಮ.

ಇದೂ ಊರೇ ಎಂದೆ. ನನ್ನ ಸೀರೆಗಳನ್ನು ಮಡಚಿಕೊಡುತ್ತಿದ್ದ ಅಮ್ಮ ಅವುಗಳಲ್ಲಿ ಒಂದನ್ನು ತೆಗೆದು ತಮ್ಮ ಪೆಟ್ಟಿಗೆಯಲ್ಲಿಟ್ಟುಕೊಂಡರು. ಇನ್ನೊಮ್ಮೆ ಬಂದಾಗ ಉಡಲಿಕ್ಕೆ ಇರಲಿ ಎಂದರು.