ಗೋಡೆಯಲ್ಲಿ ಬಿಟ್ಟ ಕಿಂಡಿ

ಏಳು ದೇಶಗಳ ದೊಡ್ಡವರು ಬೆಂಗಳೂರಿನಲ್ಲಿ ಸಭೆ ಸೇರುತ್ತಾರಂತೆ ಎಂಬ ಸುದ್ದಿ ಎಂಬತ್ತಾರರಲ್ಲಿ ಬಂದಾಗ ಹೆಬ್ಬಾಳದ ನಮಗೆ ಏನೂ ಅನ್ನಿಸಲಿಲ್ಲ. ಇಂಥವೆಲ್ಲ ದೆಹಲಿಯ ಗದ್ದಲ, ಈಗ ಬೇರೆ ಊರುಗಳಿಗೂ ಹಂಚುತ್ತಿದ್ದಾರೆ ಎಂದುಕೊಂಡು ಸುಮ್ಮನಾದೆವು. ಆದರೆ ಅತಿಥಿಗಳು ನಂದಿಬೆಟ್ಟಕ್ಕೆ ಹೋಗುವುದು ನಮ್ಮ ಬಳ್ಳಾರಿ ರಸ್ತೆಯಲ್ಲೇ ಎಂದು ಗೊತ್ತಾಯಿತು ನೋಡಿ, ಅಧಿಕಾರಿಗಳ ಕಣ್ಣು ನಮ್ಮ ಮೇಲೆ ಬಿತ್ತು. ಗೂಡಂಗಡಿಗಳನ್ನು ಎತ್ತಿಸಿದರು. ಮರಗಳ ಬುಡಕ್ಕೆ ಸುಣ್ಣ ಬಳಿದರು. ನಮ್ಮ ಎಮ್ಮೆಗಳು ಹೊರಗೆ ಕಾಣಿಸಬಾರದಂತೆ! ಕೊನೆಗೆ ರಸ್ತೆಬದಿಯ ಖಬರಸ್ತಾನವೂ ಅವರ ಕಣ್ಣಿಗೆ ಚುಚ್ಚಿತು. ಸೊಂಟದೆತ್ತರದ ಹಳೆಯ ಮಣ್ಣುಗೋಡೆ ಕೆಡವಿ ಆಳೆತ್ತರದ ಇಟ್ಟಿಗೆ ಗೋಡೆ ಕಟ್ಟಬೇಕೆಂದು ಹುಕುಂ ಆಯಿತು. ಸತ್ತವರಿಂದ ಆ ಅತಿಥಿಗಳಿಗೆ ಏನು ತೊಂದರೆಯೋ, ನನಗಂತೂ ಇವತ್ತಿಗೂ ತಿಳಿದಿಲ್ಲ.

ತೊಂದರೆ ಆದದ್ದು ನಮ್ಮ ಪಕ್ಕದ ಮನೆಯ ಕುಬ್ರಾಗೆ. ಮನೆಯಲ್ಲೇ ಊದುಬತ್ತಿ ಹೊಸೆಯುತ್ತಿದ್ದ ಹೆಂಗಸು. ಗಂಡ ಗುಲಾಮ್ ರಸೂಲ್ ಗಾರೆ ಕೆಲಸದವನು. ಅವರ ಒಬ್ಬಳೇ ಮಗಳು ಜಾಹಿದಾ ನಾಲ್ಕು ವರ್ಷದ ಹಿಂದೆ ಹುಟ್ಟಿದ ತಿಂಗಳೊಳಗೇ ತೀರಿಕೊಂಡಿದ್ದಳು. ಕುಬ್ರಾ ಆಗಿನ್ನೂ ಹಸಿ ಬಾಣಂತಿ. ರಸೂಲನೇ ಮಗುವನ್ನು ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದ. ಅವರ ಮನೆಯ ಹೆಂಗಸರು ಖಬರಸ್ತಾನದೊಳಗೆ ಕಾಲಿಡುವುದಿಲ್ಲ. ಚೇತರಿಸಿಕೊಂಡ ಮೇಲೆ ಅವಳು ರಸ್ತೆಯಲ್ಲಿ ನಿಂತು ಎಲ್ಲಿ ಎಂದು ಕೇಳಿದಳು, ಅವನು ಕೈ ತೋರಿಸಿ ಮುಖ ತಿರುಗಿಸಿಕೊಂಡ. ಅವಳಿಗೆ ಕಂಡದ್ದು ಒಂದು ಗೋರಂಟಿ ಗಿಡ, ಅದರ ಬುಡದಲ್ಲಿ ಪುಟ್ಟ ಗುಡ್ಡೆ. ಅಂದಿನಿಂದ ಸಂಜೆಯಾದರೆ ಗೋಡೆಗೆ ಒರಗಿ ಆ ಗಿಡದ ಕಡೆ ನೋಡುತ್ತ ಮಗಳನ್ನು ಮಾತಾಡಿಸಿ ಬರುತ್ತಿದ್ದಳು.

ಆದರೂ ಮಗು ಅಳುವುದು ಅವಳಿಗೆ ಕೇಳಿಸುತ್ತಿತ್ತು. ಊದುಬತ್ತಿ ಹೊಸೆಯುತ್ತಿದ್ದ ಕೈ ತಟ್ಟನೆ ನಿಲ್ಲುತ್ತಿತ್ತು. "ರತ್ನಕ್ಕಾ, ನಿಮ್ಗೂ ಕೇಳಿಸ್ತಾ?" ಎನ್ನುವಳು. ನನಗೆ ಕೆರೆಯ ಕಡೆಯಿಂದ ಬೀಸುವ ಗಾಳಿ ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ. ಆದರೂ ಮೈ ಜುಮ್ಮೆನ್ನುತ್ತಿತ್ತು, ಸುಳ್ಳೇಕೆ ಹೇಳಲಿ.

ಗೋಡೆಯ ಕೆಲಸ ರಸೂಲನಿಗೇ ಸಿಕ್ಕಿತು. ಇನ್ನು ಮಗಳನ್ನು ನೋಡುವುದು ಹೇಗೆ ಎಂದು ಕುಬ್ರಾ ಊಟ ಬಿಟ್ಟಳು. ಒಂದೇ ಒಂದು ಇಟ್ಟಿಗೆ ಬಿಟ್ಟುಬಿಡಿ ಎಂದು ಗಂಡನಿಗೆ ಅಂಗಲಾಚಿದಳು. ಮೇಸ್ತ್ರಿಯ ಕಣ್ಣಿಗೆ ಬಿದ್ದರೆ ಕೆಲಸ ಹೋಗುತ್ತಿತ್ತು. ಆದರೂ ರಸೂಲ್ ಅವಳ ಕಣ್ಣಿನ ಎತ್ತರಕ್ಕೆ ಒಂದು ಕಿಂಡಿ ಬಿಟ್ಟ.

ಗೋಡೆ ಮುಗಿದ ಸಂಜೆ ಅವಳು ಗಂಡನ ಜೊತೆಗೆ ನನ್ನನ್ನೂ ಕರೆದುಕೊಂಡು ಹೋದಳು. ಕಿಂಡಿಗೆ ಕಣ್ಣಿಟ್ಟವಳು ಹಿಂದಕ್ಕೆ ಸರಿದಳು. ಗಂಡಹೆಂಡತಿ ಮಾತಾಡಿದ್ದು ದಖ್ಖನಿ ಉರ್ದುವಿನಲ್ಲಿ, ನನಗೂ ಅದು ಅರ್ಥವಾಗುತ್ತಿತ್ತು.

"ತಪ್ಪು ಜಾಗದಲ್ಲಿ ಬಿಟ್ಟಿದ್ದೀರಿ. ಇಲ್ಲಿ ಬರೀ ಮುಳ್ಳು. ಗೋರಂಟಿ ಗಿಡ ಎಲ್ಲಿ?"

"ಯಾವ ಗಿಡ? ನಾನೇ ಮಣ್ಣು ಮಾಡಿದ್ದು ಕುಬ್ರಾ. ಆ ಮುಳ್ಳಿನ ಪಕ್ಕದಲ್ಲೇ ಇದ್ದಾಳೆ ನಮ್ಮ ಹುಡುಗಿ."

"ಮತ್ತೆ ಗಿಡದ ಬುಡದಲ್ಲಿರೋದು?"

"ಅದ್ಯಾರ ಮಗೂನೋ. ನಮಗಿಂತ ಮೊದಲೇ ಇತ್ತು."

ಹೆಂಡತಿ ಎಲ್ಲಿ ನಿಂತು ಅಳುತ್ತಾಳೆಂದು ಅವನು ಒಂದು ದಿನವೂ ಬಂದು ನೋಡಿರಲಿಲ್ಲ. ನೋಡುವ ಧೈರ್ಯ ಪಾಪ ಅವನಿಗಿರಲಿಲ್ಲ. ಕುಬ್ರಾ ಗೋಡೆಗೆ ಹಣೆ ಹಚ್ಚಿ ಕುಸಿದಳು. "ಅದಕ್ಕೇ ಅಷ್ಟು ಅಳ್ತಿದ್ದಳು ರತ್ನಕ್ಕಾ! ಅಮ್ಮ ಬಂದು ಬೇರೆ ಮಗೂನ ಮಾತಾಡ್ಸಿ ಹೋಗ್ತಾಳೆ ಅಂತ."

ಅತಿಥಿಗಳ ಕಾರುಗಳು ಗಾಜು ಏರಿಸಿಕೊಂಡು ಸರ್ರನೆ ಹೋದವು. ಆ ಗೋಡೆಯ ಕಡೆ ಯಾರೂ ತಿರುಗಿ ನೋಡಿದಂತೆ ಕಾಣಲಿಲ್ಲ. ಕುಬ್ರಾ ಮಾತ್ರ ಸಂಜೆಯಾದರೆ ಕಿಂಡಿಯ ಮುಂದೆ ನಿಲ್ಲುತ್ತಿದ್ದಳು. ಸ್ವಲ್ಪ ದಿನ ಕಳೆದ ಮೇಲೆ ನಾನು ಕೇಳಿದೆ.

"ಈಗಲಾದ್ರೂ ಅಳು ನಿಂತಿದೆಯೇನೇ?"

"ಜಾಹಿದಾ ಸುಮ್ಮನಾದಳು, ರತ್ನಕ್ಕಾ." ಅವಳು ದೂರಕ್ಕೆ ಕೈ ತೋರಿಸಿದಳು. "ಈಗ ಗೋಡೆಯ ಆ ತುದೀಲಿ ಗಿಡದ ಮಗು ಅಳ್ತಿದೆ. ಇಷ್ಟು ವರ್ಷ ನನ್ನನ್ನೇ ಅಮ್ಮ ಅಂದ್ಕೊಂಡಿತ್ತಲ್ಲ."