ನೀರಾನೆಯ ಸೊಂಡಿಲು

ಮೃಗಾಲಯದ ಗೈಡ್ ತಾತನಿಗೆ ಜನ್ಮದಲ್ಲಿ ಬಾರದ ಮಾತು ಒಂದೇ: ಗೊತ್ತಿಲ್ಲ. ಯಾವ ಪ್ರಾಣಿಗೆ ಆ ಹೆಸರು ಹೇಗೆ ಬಂತು ಎಂದು ಯಾರೇ ಕೇಳಲಿ, ಕೇಳಿದವರ ಬಾಯಿ ಮುಚ್ಚುವ ಮೊದಲೇ ಇವನ ಬಾಯಿಂದ ಕಥೆ ಹೊರಟಿರುತ್ತಿತ್ತು. ಅದಕ್ಕೆ ತಲೆಬುಡ ಇರುತ್ತಿರಲಿಲ್ಲ ಎನ್ನುವುದು ಬೇರೆ ವಿಷಯ. ಕೈಯಲ್ಲೊಂದು ಬೆತ್ತ, ಎದೆಯ ಮೇಲೊಂದು ಹಿತ್ತಾಳೆ ಬಿಲ್ಲೆ ಇದ್ದರೆ ಎಂಥ ಸುಳ್ಳಿಗೂ ವಿದ್ವತ್ತಿನ ಕಳೆ ಬಂದುಬಿಡುತ್ತದೆ ನೋಡಿ.

ನೀರಾನೆಯ ಕೊಳವೆಂದರೆ ಅವನಿಗೆ ಅಚ್ಚುಮೆಚ್ಚು. ಅಲ್ಲಿ ಎರಡು ಬೋರ್ಡುಗಳಿದ್ದವು. ಹಳೆಯ ಅಧಿಕಾರಿಗಳು ‘ನೀರಾನೆ’ ಎಂದು ಬರೆಸಿದ್ದರು. ಹೊಸಬರು ಬಂದವರೇ ‘ನೀರ್ಗುದುರೆ’ ಎಂದು ಇನ್ನೊಂದನ್ನು ನೆಡಿಸಿದರು. ಹಳೆಯದನ್ನು ಕೀಳಲು ಯಾರ ಅಪ್ಪಣೆಯೂ ಬರಲಿಲ್ಲ. ಪ್ರಾಣಿ ಮಾತ್ರ ಮೂಗಷ್ಟನ್ನೇ ಮೇಲಿಟ್ಟುಕೊಂಡು ನೆಮ್ಮದಿಯಾಗಿತ್ತು.

ಶಾಲೆಗೆ ರಜೆಯೆಂದು ಮೊಮ್ಮಗಳು ಅಂದು ಜೊತೆಗೆ ಬಂದಿದ್ದಳು. ಮನೆಯಲ್ಲಿ ಅವನ ಮಾತಿಗೆ ಹೆಂಡತಿ ಸೊಪ್ಪು ಹಾಕುತ್ತಿರಲಿಲ್ಲ, ಮಗ ಕಿವಿಗೊಡುತ್ತಿರಲಿಲ್ಲ. ನಂಬುತ್ತಿದ್ದವಳು ಇವಳೊಬ್ಬಳೇ. ಇವಳ ನಂಬಿಕೆಯೂ ಹೋದರೆ ತಾನು ಬರೀ ಬೆತ್ತ ಹಿಡಿದ ಮುದುಕ ಎಂಬ ಭಯ ಅವನಿಗಿತ್ತು.

ಬೆಳಗಿನ ಗುಂಪಿಗೆ ಹೇಳಿದ: ರಾಜನೊಬ್ಬ ನೀರೊಳಗೇ ಇರುವ ಆನೆ ಬೇಕೆಂದು ಹಟ ಹಿಡಿದ, ಮಂತ್ರಿ ತಲೆ ಉಳಿಸಿಕೊಳ್ಳಲು ಇದನ್ನು ತೋರಿಸಿ ಕೈಮುಗಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಧ್ಯಾಹ್ನ ಬೇರೆ ಗುಂಪು, ಬೇರೆ ಕಥೆ. ಹೇಳಿದ್ದನ್ನೇ ಹೇಳಿದರೆ ಅವನಿಗೇ ಬೇಜಾರು.

“ಇದೂ ಆನೇನೇ ಸ್ವಾಮಿ. ನೀರಲ್ಲಿ ನೆನೆದೂ ನೆನೆದೂ ಸೊಂಡಿಲು ಸವೆದುಹೋಯ್ತು.”

ಬೆಳಗಿನವರು ಯಾವಾಗಲೋ ಮನೆ ಸೇರಿರುತ್ತಾರೆ, ಕೇಳುವವರು ಯಾರು? ಪಕ್ಕದಲ್ಲಿ ಮೊಮ್ಮಗಳಿರುವುದನ್ನು ಮಾತಿನ ಭರದಲ್ಲಿ ಮರೆತೇಬಿಟ್ಟಿದ್ದ.

“ತಾತಾ, ಬೆಳಗ್ಗೆ ಬೇರೆ ಹೇಳಿದ್ಯಲ್ಲ? ಯಾವ್ದು ನಿಜ?”

ಗುಂಪು ಕತ್ತು ತಿರುಗಿಸಿತು. ಮೂರನೆಯ ಕಥೆ ತಾತನ ನಾಲಗೆಯ ತುದಿಗೆ ಬಂದಿತ್ತು. ಅವಳ ಮುಖ ನೋಡಿ ನುಂಗಿಕೊಂಡ.

“ಗೊತ್ತಿಲ್ಲ ಕಣಮ್ಮಾ.”

“ಗೊತ್ತಿಲ್ಲ ಅನ್ನೋದಕ್ಕೆ ಗೈಡ್ ಬೇರೆ ಕೇಡು!” ಎಂದು ಯಾರೋ ಗೊಣಗಿದರು. ಕನ್ನಡಕದ ಮಹನೀಯರೊಬ್ಬರು ಗಂಟಲು ಸರಿಮಾಡಿಕೊಂಡು ಮುಂದೆ ಬಂದರು. “ನಾನ್ ಹೇಳ್ತೀನಿ ಕೇಳಿ” ಎಂದು ಶುರುಮಾಡಿದ ಅವರ ಕಥೆಯಲ್ಲಿ ಒಂಟೆಯೂ ಬಂತು. ಜನರೆಲ್ಲ ಅವರನ್ನೇ ಸುತ್ತುವರಿದು ತಲೆದೂಗಿದರು.

ಗೈಡ್ ತಾತ ಒಂಟಿಯಾಗಿ ನಿಂತ. ಮೊಮ್ಮಗಳು ಸ್ವಲ್ಪ ಹೊತ್ತು ಒಂಟೆಯ ಕಥೆ ಕೇಳಿದಳು. ಆಮೇಲೆ ಬಂದು ತಾತನ ಕೈ ಹಿಡಿದು ಜಗ್ಗಿದಳು.

“ಬಾ ತಾತಾ, ಹೋಗೋಣ. ಅವ್ರಿಗೂ ಗೊತ್ತಿಲ್ಲ, ಪಾಪ. ಗೊತ್ತಿಲ್ಲ ಅನ್ನೋಕೆ ಬರಲ್ಲ, ಅಷ್ಟೇ.”