ಚಿಕ್ಕಹನುಮಯ್ಯನ ಕೈಮೈಕು

ಕೋರದ ಚಿಕ್ಕಹನುಮಯ್ಯ ಹದಿನೈದು ವರ್ಷ ಮಿಲಿಟರಿಯಲ್ಲಿ ಸಿಗ್ನಲ್ ಕೆಲಸ ಮಾಡಿ ೧೯೭೯ರಲ್ಲಿ ಊರಿಗೆ ಬಂದವನು. ನನಗೆ ಅವನ ಪರಿಚಯವಾದದ್ದು ಎಂಬತ್ತೆರಡರಲ್ಲಿ, ನಿಟ್ಟೂರಿನ ಹತ್ತಿರ ನಾಲೆ ತೋಡುತ್ತಿದ್ದ ಒಬ್ಬ ಕಂಟ್ರಾಕ್ಟರನ ಕ್ಯಾಂಪಿನಲ್ಲಿ. ನಾನು ಅಲ್ಲಿ ಸ್ಟೋರ್ ಕೀಪರ್, ಅವನು ವೈರ್‌ಲೆಸ್ಸಿನವನು. ಕಡಿಮೆ ಮಾತಿನ, ಅಂಗಿಯ ಗುಂಡಿಗಳನ್ನೆಲ್ಲ ಕತ್ತಿನವರೆಗೆ ಹಾಕಿಕೊಳ್ಳುವ ಮನುಷ್ಯ.

ನಾಲೆಗೆ ಅಡ್ಡಲಾಗಿ ಒಂದು ಬಂಡೆಗುಡ್ಡ ಸಿಕ್ಕಿತ್ತು. ದಿನಕ್ಕೆರಡು ಸಲ, ಹನ್ನೊಂದಕ್ಕೆ ಮತ್ತು ನಾಲ್ಕಕ್ಕೆ, ಮದ್ದು ಹಾರಿಸಿ ಅದನ್ನು ಒಡೆಯುತ್ತಿದ್ದರು. ಗುಡ್ಡದ ಆಚೆ ಮದ್ದಿನವನು, ಈಚೆ ಕಾಲುದಾರಿಯಲ್ಲಿ ಕೆಂಪು ಬಾವುಟ ಹಿಡಿದ ಚಿಕ್ಕಹನುಮಯ್ಯ. ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಇವನು ಸೀಟಿ ಊದಿ, ಜನ ದನ ದೂರ ಹೋದದ್ದನ್ನು ನೋಡಿಕೊಂಡು ವಾಕಿಟಾಕಿಯಲ್ಲಿ "ದಾರಿ ಖಾಲಿ" ಎಂದ ಮೇಲೆ ಅವನು ಹಾರಿಸಬೇಕು. ನಡುವೆ "ನಿಲ್ಲಿಸು" ಎಂದರೆ ನಿಲ್ಲಿಸಬೇಕು.

ವಾಕಿಟಾಕಿ ಸೊಂಟದ ಚರ್ಮದ ಚೀಲದಲ್ಲಿರುತ್ತಿತ್ತು. ಅದರಿಂದ ಸುರುಳಿ ವೈರೊಂದು ಮೇಲೆ ಬಂದು, ಅದರ ತುದಿಯ ಕೈಮೈಕನ್ನು ಅವನು ಕಾಲರಿಗೆ ಸಿಕ್ಕಿಸಿಕೊಳ್ಳುತ್ತಿದ್ದ. ಒಂದು ಕೈಯಲ್ಲಿ ಬಾವುಟ, ಇನ್ನೊಂದು ಕೈ ಮೈಕಿನ ಗುಂಡಿಯ ಮೇಲೆ. ವೈರಿನ ಪಿನ್ನು ಸೆಟ್ಟಿನೊಳಗೆ ಕೂರುವ ಕಡೆ ಒಂದು ಪುಟ್ಟ ತಿರುಪು ಇರುತ್ತದಂತೆ. ಅದನ್ನು ಬಿಗಿದರೆ ವೈರು ಎಳೆದರೂ ಪಿನ್ನು ಅಲ್ಲಾಡುವುದಿಲ್ಲವಂತೆ. ನಮ್ಮ ಕ್ಯಾಂಪಿನ ನಾಲ್ಕೂ ಸೆಟ್ಟುಗಳು ಎಲ್ಲೋ ದುಡಿದು ಸವೆದು ಬಂದವು. ಒಂದರಲ್ಲೂ ತಿರುಪು ಇರಲಿಲ್ಲ.

"ಪಿನ್ನು ಪೂರಾ ಈಚೆ ಬಂದ್ರೆ ಪರವಾಗಿಲ್ಲ ಸೀತಾರಾಮಯ್ನೋರೆ," ಎಂದು ಅವನು ನನಗೆ ಹೇಳಿದ್ದ. "ಸೆಟ್ಟಿನ ಒಳಗಿರೋ ಮೈಕಾದ್ರೂ ಕೆಲ್ಸ ಮಾಡ್ತದೆ. ಅರ್ಧ ಬಂದು ನಿಂತ್ರೆ ಎರಡೂ ಇಲ್ಲ. ನಾವು ಕೂಗ್ತಾನೇ ಇರ್ತೀವಿ, ಆ ಕಡೆಗೆ ಒಂದಕ್ಷರ ಹೋಗಿರಲ್ಲ."

ಒಂದು ಭಾನುವಾರ ಅವನು ಸೆಟ್ಟನ್ನು ಗುಬ್ಬಿಗೆ ಒಯ್ದು ರೇಡಿಯೋ ರಿಪೇರಿಯ ಗುಲಾಮ್ ನಬಿಗೆ ತೋರಿಸಿದ. ನಬಿ ಸಾಬರು ಭೂತಗನ್ನಡಿಯಲ್ಲಿ ನೋಡಿ, "ತಿರುಪು ಕಚ್ಚೋ ಜಾಗಾನೇ ಸವೆದೋಗಿದೆ ಕಣಣ್ಣ, ನಾನೇನು ಮಾಡಿದ್ರೂ ನಿಲ್ಲಲ್ಲ. ಹೊಸದೇ ತರಿಸ್ಬೇಕು" ಎಂದು ಹೇಳಿ ಕಳಿಸಿದರು. ಚಿಕ್ಕಹನುಮಯ್ಯ ಮೂರು ಸಲ ಅರ್ಜಿ ಬರೆದು ನನ್ನ ಕೈಗೆ ಕೊಟ್ಟ. ಮೂರು ಸಲವೂ ನಾನು ಅದನ್ನು ಸೈಟ್ ಸೂಪರ್‌ವೈಸರ್ ಅನಂತರಾಮಯ್ಯನವರ ಮೇಜಿನ ಮೇಲಿಟ್ಟೆ.

"ಮಾತು ಕೇಳಿಸ್ತಾ ಇದೆ ತಾನೆ? ಮತ್ತೇನ್ರೀ ಇವನದು?" ಎನ್ನುತ್ತಿದ್ದರು ಅವರು.

ಕೊನೆಗೆ ಅವನೇ ಒಂದು ವ್ಯವಸ್ಥೆ ಮಾಡಿಕೊಂಡ. ಸೈಕಲ್ ಟ್ಯೂಬನ್ನು ಪಟ್ಟಿಪಟ್ಟಿಯಾಗಿ ಕೊಯ್ದು, ಒಂದರಿಂದ ಪಿನ್ನನ್ನು ಸೆಟ್ಟಿಗೆ ಸೇರಿಸಿ ಬಿಗಿದ. ವೈರನ್ನು ಒಂದು ಸುತ್ತು ಸಡಿಲ ಬಿಟ್ಟು, ಇನ್ನೊಂದು ಪಟ್ಟಿಯಿಂದ ಅದನ್ನು ಚೀಲದ ಬೆಲ್ಟಿಗೆ ಕಟ್ಟಿದ. ಎಷ್ಟು ಜಗ್ಗಿದರೂ ಬೆಲ್ಟು ಜಗ್ಗುತ್ತಿತ್ತು, ಪಿನ್ನಿನ ತನಕ ಎಳೆತ ಹೋಗುತ್ತಿರಲಿಲ್ಲ. ದಿನವೂ ಬೆಳಿಗ್ಗೆ ಆ ಗಂಟುಗಳನ್ನು ಮುಟ್ಟಿ ನೋಡದೆ ಅವನು ಗುಡ್ಡಕ್ಕೆ ಹೋದದ್ದಿಲ್ಲ. ಹದಿನಾಲ್ಕು ತಿಂಗಳು ಹೀಗೇ ನಡೆಯಿತು.

೧೯೮೩ರ ಡಿಸೆಂಬರಿನಲ್ಲಿ ಒಂದು ದಿನ ತುಮಕೂರಿನಿಂದ ದೊಡ್ಡ ಸಾಹೇಬರು ಕೆಲಸ ನೋಡಲು ಬಂದರು. ಅವರ ಜೀಪಿಗೆ ಒಂದು ವಾಕಿಟಾಕಿ ಬೇಕಾಯಿತು. ಕೈಕೊಡದ ಸೆಟ್ಟು ಯಾವುದೆಂದು ಎಲ್ಲರಿಗೂ ಗೊತ್ತಿತ್ತು. ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಅನಂತರಾಮಯ್ಯನವರು ಚಿಕ್ಕಹನುಮಯ್ಯನ ಸೊಂಟದಿಂದ ಚೀಲ ಬಿಚ್ಚಿಸಿಕೊಂಡು, ಬೇರೊಂದು ಸೆಟ್ಟು ಕೊಟ್ಟರು.

"ಐದು ನಿಮಿಷ ಕೊಡಿ ಸಾರ್, ಕಟ್ಕೊಂಡ್ಬಿಡ್ತೀನಿ."

"ಸಾಹೇಬ್ರು ಕಾಯ್ತಾ ಇದಾರೆ ಕಣ್ರೀ. ಮೊದ್ಲು ಹೊರಡಿ."

ಹೊರಟ. ಸೀಟಿ ಊದಿದ, ನಾಲ್ಕೂ ಕಡೆ ನೋಡಿದ, "ದಾರಿ ಖಾಲಿ" ಎಂದ. ಅದು ಆ ಕಡೆಗೆ ತಲುಪಿತು. ಮರುಕ್ಷಣವೇ ಹಳ್ಳದೊಳಗಿಂದ ನಿಟ್ಟೂರಿನ ನರಸಮ್ಮ ಹುಲ್ಲಿನ ಹೊರೆ ಹೊತ್ತು ಮೇಲೆ ಹತ್ತಿ, ಗುಡ್ಡದ ಕಡೆಗೇ ನಡೆಯತೊಡಗಿದಳು. ಚಿಕ್ಕಹನುಮಯ್ಯ ಅವಳ ಕಡೆ ಓಡುತ್ತಲೇ ಗುಂಡಿ ಒತ್ತಿ "ನಿಲ್ಲಿಸು, ನಿಲ್ಲಿಸು" ಎಂದ. ಉತ್ತರವಿಲ್ಲ. ಓಡಿದ ರಭಸಕ್ಕೆ ಪಿನ್ನು ಅರ್ಧ ಈಚೆ ಬಂದಿತ್ತು. ನಿಂತು ಒಳಗೆ ಒತ್ತಿದ, ಅದು ಮತ್ತೆ ಜಾರಿತು. ಮತ್ತೊಮ್ಮೆ ಒತ್ತಿ, ಹೆಬ್ಬೆರಳಿನಿಂದ ಅದುಮಿ ಹಿಡಿದುಕೊಂಡು ಮೈಕಿಗೆ ಬಾಯಿ ತರುವಷ್ಟರಲ್ಲಿ ಗುಡ್ಡ ಸಿಡಿಯಿತು.

ಗುಬ್ಬಿಯ ದಾರಿಯಲ್ಲಿ, ನಮ್ಮ ಲಾರಿಯಲ್ಲೇ ನರಸಮ್ಮನ ಪ್ರಾಣ ಹೋಯಿತು.

ಕಂಟ್ರಾಕ್ಟರನ ತುಮಕೂರಿನ ಆಫೀಸಿನಲ್ಲಿ ವಿಚಾರಣೆ ನಡೆಯಿತು. ಮೈಕು ಸರಿಯಿಲ್ಲವೆಂದು ಇವನು ಬರೆದುಕೊಟ್ಟಿದ್ದನೇ ಎಂದು ನನ್ನನ್ನು ಕೇಳಿದರು. ಅನಂತರಾಮಯ್ಯನವರು ನನ್ನ ಪಕ್ಕದ ಕುರ್ಚಿಯಲ್ಲೇ ಇದ್ದರು. ಕೆಲಸ ಹೋದರೆ ಹೆಂಡತಿ ಮಕ್ಕಳಿಗೆ ಏನು ಗತಿ ಎಂಬುದೊಂದೇ ನನ್ನ ತಲೆಯಲ್ಲಿತ್ತು. "ನೆನಪಿಲ್ಲ" ಎಂದೆ. ಆಪರೇಟರನ ಅಜಾಗರೂಕತೆ ಎಂದು ಬರೆದು ಚಿಕ್ಕಹನುಮಯ್ಯನನ್ನು ಅಂದೇ ತೆಗೆದುಹಾಕಿದರು.

ಬಸ್‌ಸ್ಟ್ಯಾಂಡಿನಲ್ಲಿ ಅವನ ಎದುರು ನಿಂತು ಏನೋ ಹೇಳಲು ಹೋದೆ. ಅವನು ಕೈ ಅಡ್ಡ ಹಿಡಿದ.

"ಬುಡಿ. ನೀವು ನಿಜ ಹೇಳಿದ್ರೂ ನನ್ನ ತಪ್ಪು ಹೋಗ್ತಿರ್ಲಿಲ್ಲ. ಅವಮ್ಮ ನನ್ನಿಂದ ಮೂವತ್ತು ಮಾರು ದೂರದಲ್ಲಿದ್ಲು ಅಷ್ಟೆ. ಗಂಟಲು ಬಿಟ್ಟು 'ಅಮ್ಮ, ವಾಪಸ್ ಹಳ್ಳಕ್ಕಿಳಿ' ಅಂದಿದ್ರೆ ಆಗಿತ್ತು. ಬಾಯಿ ಇತ್ತಲ್ಲ ಸೀತಾರಾಮಯ್ನೋರೆ ನಂಗೆ? ನಾನು ಪಿನ್ನು ಒತ್ತುತಾ ನಿಂತಿದ್ದೆ."

ವಿಚಾರಣೆಯಲ್ಲಿ ಈ ಮಾತನ್ನು ಯಾರೂ ಕೇಳಿರಲಿಲ್ಲ.

ಆಮೇಲೆ ಕೆಲವು ಸೋಮವಾರ ಅವನು ಕೋರದಿಂದ ನಿಟ್ಟೂರಿಗೆ ಬಂದು ನರಸಮ್ಮನ ಗಂಡ ಪುಟ್ಟರಂಗಯ್ಯನ ಜಗಲಿಯಲ್ಲಿ ಸುಮ್ಮನೆ ಕೂತು ಹೋಗುತ್ತಿದ್ದ. ಪುಟ್ಟರಂಗಯ್ಯ ಬೈಯಲೂ ಇಲ್ಲ, ನೀರು ಬೇಕೇ ಎನ್ನಲೂ ಇಲ್ಲ. ಒಂದು ದಿನ ಮಾತ್ರ ಕೇಳಿದನಂತೆ: "ನೀನು ಕೂಗಿದ್ಯಾ ಅಣ್ಣ, ಅವ್ಳಿಗೆ?"

"ಇಲ್ಲ" ಎಂದನಂತೆ ಇವನು. ಪುಟ್ಟರಂಗಯ್ಯ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಚಿಕ್ಕಹನುಮಯ್ಯ ಮತ್ತೆ ಅಲ್ಲಿಗೆ ಹೋಗಲಿಲ್ಲ.

ಸಂಕ್ರಾಂತಿ ಕಳೆದ ವಾರ ಕ್ಯಾಂಪಿಗೆ ಹೊಸ ಸೆಟ್ಟುಗಳು ಬಂದವು. ಪೆಟ್ಟಿಗೆ ಒಡೆದವನು ನಾನೇ. ಎಲ್ಲದರಲ್ಲೂ ತಿರುಪುಗಳಿದ್ದವು, ಎರಡೆರಡು.

ಎಂಬತ್ತೇಳರಲ್ಲಿ ಕುಣಿಗಲ್ಲಿನಲ್ಲಿ ಅವನನ್ನು ಕಂಡೆ. ಒಂದು ಅಕ್ಕಿ ಗಿರಣಿಯ ಗೇಟಿನಲ್ಲಿ ಕಾವಲಿಗಿದ್ದ. ಮೈ ಇಳಿದುಹೋಗಿತ್ತು, ಎರಡು ಮಾತಿಗೊಮ್ಮೆ ಕೆಮ್ಮುತ್ತಿದ್ದ. ನಾನು ಈಗಲಾದರೂ ಇದ್ದದ್ದನ್ನು ಇದ್ದಹಾಗೆ ಬರೆದುಕೊಡುತ್ತೇನೆ ಎಂದೆ.

"ಯಾರಿಗೆ ಬರ್ಕೊಡ್ತೀರ?" ಎಂದ. "ಕಂಟ್ರಾಕ್ಟರು ಜಾಗ ಖಾಲಿ ಮಾಡ್ಕೊಂಡು ಹೋಗಾಯ್ತು. ಪುಟ್ಟರಂಗಯ್ಯನೂ ತೀರ್ಕೊಂಡ. ಹೋಗಿ, ನಿಮ್ಮ ಬಸ್ಸಿಗೆ ಹೊತ್ತಾಯ್ತು."

ಮರುವರ್ಷ ಯುಗಾದಿಯ ಮುಂಚೆ ಅವನು ಹೋಗಿಬಿಟ್ಟ. ಹದಿನೈದು ದಿನ ಆದ ಮೇಲೆ ನನಗೆ ಸುದ್ದಿ ಬಂತು. ಕೋರದಲ್ಲಿ ಅವನ ಹೆಂಡತಿ ಇದ್ದಳು. ಬಸ್ಸು ಹತ್ತಿ ಹೋಗಿ ಮಾತಾಡಿಸಿ ಬರಬೇಕೆಂದುಕೊಂಡೆ. ಏನು ಹೇಳುವುದೆಂದು ತೋಚಲಿಲ್ಲ. ಹೋಗಲಿಲ್ಲ.